ಮೇಜಿನ ಕೆಳಗಿನ ಸದ್ದಿಲ್ಲದ ಡಬ್ಬ

ಬೀದಿಯಲ್ಲಿ ಎಲ್ಲರೂ ಅವನನ್ನು ಹೊಗೆಯಪ್ಪ ಎಂದೇ ಕರೆಯುವುದು. ಹಾಗೆಂದು ಅವನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಪಕ್ಕದಲ್ಲಿ ಯಾರಾದರೂ ಸೇದಿದರೆ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ದೂರ ಸರಿಯುವ ಆಸಾಮಿ. ಅವನ ಹೊಗೆಯೇ ಬೇರೆ, ಅದು ತಣ್ಣನೆಯ ಹೊಗೆ. ನೈಟ್ರೋಜನ್ ಅನಿಲವನ್ನು ನೀರಿನ ಹಾಗೆ ಹರಿಯುವಷ್ಟು ತಣ್ಣಗೆ ಮಾಡಿ ಕ್ಯಾನುಗಳಲ್ಲಿ ತುಂಬಿ ಮಾರುವ ಕಂಪನಿಯೊಂದಿದೆ, ಅದರ ಸಣ್ಣ ಲಾರಿಗೆ ಅವನು ಡ್ರೈವರು. ಚರ್ಮದ ಡಾಕ್ಟರಿಗೆ ನರಹುಲಿ ಸುಡಲು ಒಂದು ಕ್ಯಾನು, ಪಶು ಆಸ್ಪತ್ರೆಗೆ ಹೋರಿಗಳ ವೀರ್ಯ ಕೆಡದಂತೆ ಇಡಲು ಎರಡು, ಕಾಲೇಜಿನ ಪ್ರಯೋಗಾಲಯಕ್ಕೆ ಅರ್ಧ. ಹೀಗೆ ಹಾಲು ಹಾಕುವವರ ಹಾಗೆ ಬೆಳಗಿನಿಂದ ಸಂಜೆಯವರೆಗೆ ಹಂಚಿ ಬರುತ್ತಾನೆ. ಮುಚ್ಚಳ ತೆಗೆದರೆ ಸಾಕು, ಬಿಳಿ ಹೊಗೆ ಬುಸ್ಸೆಂದು ಉಕ್ಕಿ ಅವನ ಕಾಲು ಮುಚ್ಚುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಅವನು ಗಂಭೀರವಾಗಿ, ಮೋಡದ ಮೇಲೆ ನಡೆದು ಬರುವ ದೇವರ ಹಾಗೆ ನಡೆದು ಬಂದು ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತಾನೆ.

ಈ ಹೊಗೆಗೂ ಕಂಪ್ಯೂಟರಿಗೂ ಗಂಟು ಹಾಕಿದವನು ಅವನ ಭಾವ, ಅಂದರೆ ಅಕ್ಕನ ಗಂಡ. ಭಾವ ಮನೆಯ ಮಾಳಿಗೆಯ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮಾತು ಅಂದರೆ ಅವನಿಗೆ ಜಿಪುಣತನ. ಒಂದು ದಿನ ಬಾಮೈದನ ಮುಂದೆ ಒಂದು ಫ್ಲಾಸ್ಕ್ ಹಿಡಿದು, "ಇದರಲ್ಲಿ ಸ್ವಲ್ಪ ಹಾಕು" ಎಂದ.

"ಯಾಕೆ ಭಾವ, ಕಂಪ್ಯೂಟರಿಗೂ ನರಹುಲಿ ಆಗುತ್ತಾ?"

ಭಾವ ನಗಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದ. ಕಂಪ್ಯೂಟರಿನ ಮಿದುಳು ಅನ್ನುವ ಪ್ರೊಸೆಸರ್ ಚಿಪ್ ಇದೆಯಲ್ಲ, ಅದನ್ನು ಮಾಡಿದ ಕಂಪನಿ ಇಷ್ಟೇ ವೇಗದಲ್ಲಿ ಓಡಬೇಕು ಎಂದು ಗೆರೆ ಎಳೆದಿರುತ್ತದೆ. ಕೆಲವರಿಗೆ ಗೆರೆ ಕಂಡರೆ ದಾಟುವ ಚಟ. ಹೆಚ್ಚು ಕರೆಂಟು ಕೊಟ್ಟು ಹೆಚ್ಚು ಓಡಿಸುತ್ತಾರೆ. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಓಡಿಸಿದಷ್ಟೂ ಚಿಪ್ ಕಾಯುತ್ತದೆ, ಕಾದರೆ ಸಾಯುತ್ತದೆ. ಆದ್ದರಿಂದ ಅದರ ನೆತ್ತಿಯ ಮೇಲೆ ಲೋಟದಂಥ ಒಂದು ತಾಮ್ರದ ಪಾತ್ರೆ ಕೂರಿಸಿ, ಅದಕ್ಕೆ ಆ ದ್ರವ ನೈಟ್ರೋಜನ್ ಸುರಿಯುತ್ತಾರೆ. ಭಾವ ಕೀಬೋರ್ಡಿನ ಮುಂದೆ ಕೂತು ವೇಗ ಏರಿಸುತ್ತಿದ್ದ, ಹೊಗೆಯಪ್ಪ ಸುರಿಯುತ್ತಿದ್ದ. "ಹಾಕು" ಅಂದರೆ ಹಾಕಬೇಕು, "ಸಾಕು" ಅಂದರೆ ನಿಲ್ಲಿಸಬೇಕು. ಇವೆರಡೇ ಶಬ್ದಗಳಲ್ಲಿ ಅವರಿಬ್ಬರ ಭಾನುವಾರಗಳೆಲ್ಲ ಸುಖವಾಗಿ ಕಳೆದುಹೋದವು.

ಹೊಗೆಯಪ್ಪನ ಹೆಂಡತಿಗೆ ಮಾತ್ರ ಇದು ಬಗೆಹರಿಯದ ಪ್ರಶ್ನೆ. ತಣ್ಣಗಾದ ಪಾತ್ರೆಯ ಸುತ್ತ ಗಾಳಿಯ ತೇವ ನೀರಾಗಿ ಇಳಿದರೆ ಎಲ್ಲ ಸುಟ್ಟುಹೋಗುತ್ತದೆ ಎಂದು ಚಿಪ್ಪಿನ ಸುತ್ತ ದಪ್ಪಗೆ ವ್ಯಾಸಲೀನ್ ಬಳಿಯುತ್ತಾರೆ. ಹಾಗಾಗಿ ಅವಳ ವ್ಯಾಸಲೀನ್ ಡಬ್ಬಿ ಯಾವಾಗಲೂ ಮಾಯ.

"ನನ್ನ ಹಿಮ್ಮಡಿ ಒಡೆದು ರಕ್ತ ಬರ್ತಿದೆ. ಇವರು ಕಂಪ್ಯೂಟರಿಗೆ ಎಣ್ಣೆ ಸ್ನಾನ ಮಾಡಿಸ್ತಾ ಕೂತಿದ್ದಾರೆ" ಎಂದು ಅವಳು ಬಂದವರ ಮುಂದೆಲ್ಲ ಹೇಳಿ ಮಾನ ತೆಗೆಯುತ್ತಾಳೆ.

ಇಂಥ ಚಟದವರೆಲ್ಲ ವರ್ಷಕ್ಕೊಮ್ಮೆ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರುತ್ತಾರೆ. ಒಂದೇ ಮಾದರಿಯ, ಯಾರು ಬೇಕಾದರೂ ಕೊಳ್ಳಬಹುದಾದ ಅಗ್ಗದ ಚಿಪ್ ಅನ್ನು ಯಾರು ಎಷ್ಟು ಓಡಿಸಿದರು ಎಂಬುದು ಅಲ್ಲಿನ ಪಂದ್ಯ. ಗೋಡೆಗೆ ಒಂದು ಹಲಗೆ, ಹಲಗೆಯ ಮೇಲೆ ಇದುವರೆಗಿನ ದಾಖಲೆಗಳು. ಬಹಳ ವರ್ಷ ಅದರ ತುದಿಯಲ್ಲಿದ್ದ ಹೆಸರು "ಭಾವ–ಬಾಮೈದ". ಭಾವ ಹೃದಯಾಘಾತವಾಗಿ ತೀರಿಕೊಂಡ ಮೇಲೆ ಹೊಗೆಯಪ್ಪ ಒಬ್ಬನೇ, ಅದೇ ಹೆಸರಿನಲ್ಲಿ, ಒಂದು ಕೈಯಲ್ಲಿ ಫ್ಲಾಸ್ಕು ಇನ್ನೊಂದರಲ್ಲಿ ಕೀಬೋರ್ಡು ಹಿಡಿದು ಒದ್ದಾಡುತ್ತಿದ್ದ. ಮೊದಲಿನಿಂದಲೂ ಬರುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರು ಹೋದ ವರ್ಷ ಆ ಹೆಸರನ್ನು ಎರಡನೆಯ ಸಾಲಿಗೆ ತಳ್ಳಿಬಿಟ್ಟ. ಡಾಕ್ಟರು ಚಿಪ್ಪುಗಳನ್ನು ಪೆಟ್ಟಿಗೆಗಟ್ಟಲೆ ತರಿಸುತ್ತಾನೆ, ಎಲ್ಲವನ್ನೂ ಪರೀಕ್ಷಿಸಿ ಚೆನ್ನಾಗಿರುವ ಒಂದನ್ನು ಆರಿಸುತ್ತಾನೆ. ಅದು ಮೋಸವೇನಲ್ಲ. ಒಂದೇ ಅಚ್ಚಿನಲ್ಲಿ ಬಂದ ಚಿಪ್ಪುಗಳೆಲ್ಲ ಒಂದೇ ಥರ ಇರುವುದಿಲ್ಲ, ಒಡಹುಟ್ಟಿದವರಲ್ಲೂ ಒಬ್ಬ ಜಾಣ ಇರುತ್ತಾನಲ್ಲ, ಹಾಗೆ. ಆದರೂ ಹೊಗೆಯಪ್ಪನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಭಾವನ ಹೆಸರು ಮತ್ತೆ ತುದಿಗೆ ಏರಬೇಕು, ಅದನ್ನು ತಾನೇ ಏರಿಸಬೇಕು ಎಂದು ಹಟ ಹಿಡಿದ.

ಇನ್ನು ಅಕ್ಕನ ವಿಷಯ. ಅವಳು ಹೊಗೆಯಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಆದ್ದರಿಂದ ಅವನ ತಲೆ ನೆರೆತರೂ ಕಿವಿ ಹಿಂಡುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಕಿವಿ ಅವಳ ಕಸುಬೂ ಹೌದು. ಮನೆಯ ಕೆಳಗಿನ ಭಾಗದಲ್ಲಿ ಶ್ರವಣ ಯಂತ್ರದ ಅಂಗಡಿ ನಡೆಸುತ್ತಾಳೆ. ಒಳಗೊಂದು ಪುಟ್ಟ ಕೋಣೆ, ಗೋಡೆಗೆಲ್ಲ ಸ್ಪಂಜಿನ ಹಲಗೆ, ಒಂದು ಮೇಜು, ಎರಡು ಕುರ್ಚಿ. ಮೇಜಿನ ಕೆಳಗಿನ ಕಂಪ್ಯೂಟರು ಸಣ್ಣ ಸಣ್ಣ ಸದ್ದು ಹೊರಡಿಸುತ್ತದೆ, ಗಿರಾಕಿ ಕೇಳಿಸಿದಾಗ ಕೈ ಎತ್ತುತ್ತಾರೆ. ಕಿವಿ ಎಷ್ಟು ಮಂದವಾಗಿದೆ ಎಂದು ಲೆಕ್ಕ ಸಿಗುತ್ತದೆ, ಅದಕ್ಕೆ ತಕ್ಕಂತೆ ಯಂತ್ರ ಹೊಂದಿಸುತ್ತಾಳೆ.

ಆ ಕಂಪ್ಯೂಟರು ಭಾವ ಜೋಡಿಸಿಕೊಟ್ಟದ್ದು. ಅಂಗಡಿ ತೆರೆಯುವಾಗ ಅಕ್ಕ ಹೊಸದೊಂದನ್ನು ಕೇಳಿದ್ದಳು. ಭಾವ ತಂದಿಟ್ಟದ್ದು ಬಣ್ಣ ಹಳದಿಗೆ ತಿರುಗಿದ ಒಂದು ಹಳೆಯ ಡಬ್ಬ. "ಇದು ಸಾಕು ನಿನಗೆ. ಮುಚ್ಚಳ ತೆಗೀಬೇಡ" ಎಂದಷ್ಟೇ ಹೇಳಿ ಮಹಡಿ ಹತ್ತಿದ. ಅಕ್ಕನಿಗೆ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮೇಲೆ ಬಣ್ಣಬಣ್ಣದ ದೀಪ ಹತ್ತುವ ಹೊಸ ಹೊಸ ಪೆಟ್ಟಿಗೆಗಳು ಬರುತ್ತಿದ್ದವು, ಕೆಳಗೆ ಮಾತ್ರ ಅದೇ ಡಬ್ಬ. ಗಿರಾಕಿಗಳು ಕೋಣೆಗೆ ಬಂದು, "ಏನೂ ಸದ್ದೇ ಇಲ್ಲ, ಕಂಪ್ಯೂಟರ್ ಆನ್ ಆಗಿದೆಯಾ ಅಥವಾ ನನ್ನ ಕಿವಿ ಪೂರ್ತಿ ಹೋಯ್ತಾ?" ಎಂದು ಗಾಬರಿಯಾಗುತ್ತಿದ್ದರು.

"ಆನ್ ಆಗಿದೆ, ಹೆದರಬೇಡಿ. ಹಳೇ ಡಬ್ಬ, ಅವರಿಗೆ ಬೇಡವಾದದ್ದನ್ನ ನನಗೆ ಕೊಟ್ರು" ಎಂದು ಅಕ್ಕ ಹೇಳುತ್ತಿದ್ದಳು. ಅವನಿದ್ದಾಗಲೂ ಹೀಗೇ ಹೇಳುತ್ತಿದ್ದಳು, ಅವನು ಹೋದ ಮೇಲೂ ಹೀಗೇ. ಹೋದ ಮೇಲೆ ಮಾತ್ರ ಹಾಗೆ ಹೇಳಿದಾಗಲೆಲ್ಲ ಅವಳ ದನಿ ಸ್ವಲ್ಪ ಬಿಗಿಯುತ್ತಿತ್ತು.

ಈ ವರ್ಷದ ಪಂದ್ಯಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ಅಕ್ಕ ತಮ್ಮನನ್ನು ಕರೆದಳು. ಕಂಪ್ಯೂಟರಿನಿಂದ ಧೂಳಿನ ವಾಸನೆ ಬರುತ್ತಿದೆ, ಒಮ್ಮೆ ಒರೆಸಿಕೊಡು ಎಂದಳು. ಅವಳು ಅತ್ತ ಗಿರಾಕಿಯ ಜೊತೆ ಮಾತಿಗೆ ಕೂತಾಗ ಹೊಗೆಯಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಭಾವ ತೆಗೆಯಬೇಡ ಎಂದಿದ್ದ ಮುಚ್ಚಳವನ್ನು ತೆಗೆದ. ಒಳಗೆ ಹಾಸಿಗೆ ತುಂಬುವಷ್ಟು ಧೂಳು. ಗಾಳಿ ಹೋಗಲು ಸಂದಿಯೇ ಇಲ್ಲ. ಫ್ಯಾನ್ ತಿರುಗುತ್ತಲೂ ಇಲ್ಲ. ಇಷ್ಟು ಹೊತ್ತಿಗೆ ಚಿಪ್ ಕುದಿಯುತ್ತಿರಬೇಕಿತ್ತು. ಬೆರಳಿಟ್ಟು ನೋಡಿದರೆ ಉಗುರುಬೆಚ್ಚಗಿದೆ, ಅಷ್ಟೆ.

ಫ್ಯಾನ್ ಕೆಟ್ಟಿರಬೇಕು ಎಂದು ಸೆಟ್ಟಿಂಗು ತೆರೆದು ನೋಡಿದ. ಫ್ಯಾನ್ ಕೆಟ್ಟಿರಲಿಲ್ಲ, ತಿರುಗುವ ಅಗತ್ಯವೇ ಅದಕ್ಕೆ ಬಂದಿರಲಿಲ್ಲ. ಆ ಚಿಪ್ ಎಷ್ಟು ಕಡಿಮೆ ವೋಲ್ಟೇಜಿನಲ್ಲಿ ಓಡುತ್ತಿತ್ತೆಂದರೆ, ಹೊಗೆಯಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಪಂದ್ಯದ ಮಾದರಿಯದೇ ಚಿಪ್. ಇಷ್ಟು ಕಡಿಮೆ ತಿಂದು ಇಷ್ಟು ತಣ್ಣಗೆ ದುಡಿಯುವ ಚಿಪ್ಪಿಗೆ ನೈಟ್ರೋಜನ್ ಸುರಿದು ಹೊಟ್ಟೆ ತುಂಬ ಕರೆಂಟು ಕೊಟ್ಟರೆ ಹಲ್ಲಿನ ಡಾಕ್ಟರು ತನ್ನ ಹಲ್ಲು ತಾನೇ ಕಡಿದುಕೊಳ್ಳಬೇಕು. ಸಾವಿರಕ್ಕೊಂದು ಸಿಗುವ ರತ್ನ ಅಕ್ಕನ ಕಾಲ ಬುಡದಲ್ಲಿ ಧೂಳು ತಿನ್ನುತ್ತ ಬಿದ್ದಿದೆ!

ಭಾವನಿಗೂ ಇದು ಗೊತ್ತಿರಲಾರದು, ಕೈಗೆ ಸಿಕ್ಕಿದ್ದೊಂದನ್ನು ಹಾಕಿಬಿಟ್ಟಿದ್ದಾನೆ ಎಂದುಕೊಂಡ. ವೋಲ್ಟೇಜನ್ನು ಅಷ್ಟು ನಾಜೂಕಾಗಿ ಇಳಿಸಿದ ಕೈ ಯಾರದು ಎಂದು ಆ ಕ್ಷಣ ಅವನಿಗೆ ಹೊಳೆಯಲಿಲ್ಲ. ಆಸೆ ಕಣ್ಣಿಗೆ ಅಡ್ಡ ಬಂದಿತ್ತು. ಲಾರಿಗೆ ಓಡಿದ. ಅಲ್ಲಿ ಅದೇ ಮಾದರಿಯ ತನ್ನದೊಂದು ಚಿಪ್ ಇತ್ತು. ರತ್ನ ತೆಗೆದು ಇದನ್ನು ಕೂರಿಸಿದ. ಆ ಕಡಿಮೆ ವೋಲ್ಟೇಜಿಗೆ ಅದು ಏಳಲೇ ಇಲ್ಲ. ಮಾಮೂಲಿ ಅಳತೆಗೆ ಏರಿಸಿದ ಮೇಲೆ ಎದ್ದಿತು. ಧೂಳು ಒರೆಸಿ ಮುಚ್ಚಳ ಹಾಕಿದ. ವೇಗ ಅಷ್ಟೇ ಇದೆ, ಕೆಲಸ ಅಷ್ಟೇ ನಡೆಯುತ್ತದೆ, ಅಕ್ಕನಿಗೆ ಎಲ್ಲಿಂದ ಗೊತ್ತಾಗಬೇಕು? ವೇಗ ಬಿಟ್ಟು ಬೇರೇನನ್ನೂ ನೋಡಿ ಅಭ್ಯಾಸವಿಲ್ಲದವನ ಲೆಕ್ಕಾಚಾರ ಅದು. ಶಿಳ್ಳೆ ಹೊಡೆಯುತ್ತ ಮನೆಗೆ ಹೋಗಿ ಹೆಂಡತಿಯ ಹೊಸ ವ್ಯಾಸಲೀನ್ ಡಬ್ಬಿ ಒಡೆದ.

ಶುಕ್ರವಾರ ಮಧ್ಯಾಹ್ನ ಪಶು ಆಸ್ಪತ್ರೆಯ ಬಾಗಿಲಲ್ಲಿ ಕ್ಯಾನು ಇಳಿಸುತ್ತಿದ್ದಾಗ ಫೋನು ಬಂತು.

"ಎಲ್ಲಿದ್ದೀಯ?"

"ಡ್ಯೂಟಿಲಿದ್ದೀನಿ ಅಕ್ಕ."

"ಇಳಿಸಿ ನೇರ ಇಲ್ಲಿಗೆ ಬಾ."

ಅಕ್ಕನ ದನಿ ಕೇಳಿ ಅವನಿಗೆ ಸುಮ್ಮನೆ ಕಿವಿ ನೋಯಿತು.

ಅಂಗಡಿಯ ಒಳಕೋಣೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವತ್ತೇ ಹೊಸ ಶ್ರವಣ ಯಂತ್ರ ಹಾಕಿಸಿಕೊಂಡವರು. ಬೆಳಗಿನಿಂದ ಅವರದು ಒಂದೇ ರಾಗ.

"ನೋಡಪ್ಪ, ಇಷ್ಟು ವರ್ಷ ಏನೂ ಕೇಳಿಸ್ತಿರಲಿಲ್ಲ, ಆರಾಮಾಗಿದ್ದೆ. ಈಗ ಕಿವಿ ಒಳಗೆ ಗುಂಯ್ ಅಂತ ದುಂಬಿ ಬಿಟ್ಟಿದ್ದಾಳೆ ನಿಮ್ಮಕ್ಕ."

ಅಕ್ಕ ಯಂತ್ರದ ಬ್ಯಾಟರಿ ಬದಲಿಸಿದ್ದಳು. ಅದರ ನಳಿಕೆ ಶುಚಿ ಮಾಡಿದ್ದಳು. ಬೇರೆ ಯಂತ್ರವನ್ನೇ ಹಾಕಿ ನೋಡಿದ್ದಳು. ದುಂಬಿ ಹೋಗಿರಲಿಲ್ಲ. ಕೊನೆಗೆ ಬೇಸತ್ತು ಸುಮ್ಮನೆ ಕೂತು ಕಿವಿಗೊಟ್ಟಾಗ ಅವಳಿಗೇ ಕೇಳಿಸಿತು. ನಾಲ್ಕೈದು ದಿನದಿಂದ ತನಗೇಕೆ ತಲೆ ಸಿಡಿಯುತ್ತಿದೆ ಎಂದೂ ಆಗಲೇ ಅರ್ಥವಾಯಿತು.

"ನನ್ನ ಕಂಪ್ಯೂಟರಿಗೆ ಏನು ಮಾಡ್ದೆ?"

"ಧೂಳು ಒರೆಸಿದೆ ಅಕ್ಕ, ಅಷ್ಟೆ."

"ಧೂಳು ಒರೆಸಿದ್ರೆ ಸದ್ದು ಕಮ್ಮಿ ಆಗ್ಬೇಕು ಕಣೋ. ಇದು ಗಿರಣಿ ಥರ ಕೂಗ್ತಿದೆ."

ಹೊಗೆಯಪ್ಪ ನಾಲಿಗೆ ಕಚ್ಚಿಕೊಂಡ. ಅಜ್ಜಿಗೆ ಸೋಮವಾರ ಬರಲು ಹೇಳಿ ಕಳಿಸಿದ ಮೇಲೆ ಅಕ್ಕ ಬಾಗಿಲು ಹಾಕಿದಳು. ಸ್ಪಂಜಿನ ಗೋಡೆಗಳು ಹೊರಗಿನ ಸದ್ದನ್ನೆಲ್ಲ ನುಂಗಿದವು. ಉಳಿದದ್ದು ಫ್ಯಾನಿನ ಸದ್ದೊಂದೇ. ಗುಂಯ್, ಗುಂಯ್. ನಿಜಕ್ಕೂ ದುಂಬಿಯೇ. ಇಂಥ ಫ್ಯಾನಿನ ಸದ್ದನ್ನು ಅವನು ಜೀವಮಾನವಿಡೀ ಕೇಳಿದ್ದ, ಒಮ್ಮೆಯೂ ಕಿವಿಗೆ ಹಾಕಿಕೊಂಡಿರಲಿಲ್ಲ.

ನೆಲದ ಮೇಲೆ ಕೂತು ಡಬ್ಬಕ್ಕೆ ಕಿವಿ ಹಚ್ಚಿದ. ಆಗ ಅವನಿಗೆ ಅಕ್ಕ ಅಂಗಡಿ ತೆರೆದ ವರ್ಷ ನೆನಪಾಯಿತು. ಆ ವರ್ಷ ಭಾವ ರಿಪೇರಿಗೆಂದು ಒಂದು ಪೂರ್ತಿ ಪೆಟ್ಟಿಗೆ ಚಿಪ್ಪು ತರಿಸಿದ್ದ. ಒಂದೊಂದನ್ನೇ ಕೂರಿಸಿ ತಿಂಗಳುಗಟ್ಟಲೆ ಪರೀಕ್ಷಿಸಿದ್ದ. "ಒಳ್ಳೇದೊಂದು ಸಿಕ್ತಾ ಭಾವ?" ಎಂದು ಇವನು ದಿನಾ ಕೇಳುತ್ತಿದ್ದ. ಕೊನೆಗೊಂದು ದಿನ ಭಾವ, "ಯಾವುದೂ ಸಿಗಲಿಲ್ಲ" ಎಂದು ಪೆಟ್ಟಿಗೆ ಮುಚ್ಚಿದ್ದ. ಮುಖ ನೋಡದೆ ಹೇಳಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಪಾಪ.

"ಅಕ್ಕ, ಕೂತ್ಕೋ" ಎಂದ ಹೊಗೆಯಪ್ಪ. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದ. ಚಿಪ್ ಕದ್ದದ್ದು, ಯಾಕೆ ಕದ್ದದ್ದು, ಅದು ಎಂಥ ಚಿಪ್. "ನಾವು ಇಂಥದ್ದೊಂದು ಸಿಗಲಿ ಅಂತ ಬಾಯಿ ಬಾಯಿ ಬಿಡ್ತೀವಿ. ಭಾವನಿಗೆ ಸಿಕ್ಕಿತ್ತು. ಪಂದ್ಯಕ್ಕೆ ಇಟ್ಕೊಂಡಿದ್ರೆ ಆ ಹಲಗೆಯಿಂದ ಅವರನ್ನ ಯಾರೂ ಇಳಿಸೋಕೆ ಆಗ್ತಿರಲಿಲ್ಲ. ಅದನ್ನ ತಂದು ನಿನ್ನ ಡಬ್ಬಕ್ಕೆ ಹಾಕಿದ್ರು. ಓಡಿಸೋಕಲ್ಲ. ಅದು ಕಾಯಲ್ಲ, ಅದಕ್ಕೇ ಫ್ಯಾನ್ ತಿರುಗಲ್ಲ. ಫ್ಯಾನ್ ತಿರುಗದಿದ್ರೆ ಈ ಕೋಣೆಯಲ್ಲಿ ಸದ್ದಿರಲ್ಲ. ಅದಕ್ಕೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಸಿಡುಕಿದಳು. "ಒಂದು ಮಾತು ಹೇಳಿದ್ರೆ ಗಂಟು ಹೋಗ್ತಿತ್ತಾ ಅವರದ್ದು? ಇಷ್ಟು ವರ್ಷ ಎಲ್ಲರ ಮುಂದೆ ಬೈದೆ. ಅವರು ಅಲ್ಲೇ ನಿಂತು ಕೇಳಿಸಿಕೊಂಡು ಮೆಟ್ಟಿಲು ಹತ್ತಿ ಹೋಗ್ತಿದ್ರು. ಕಲ್ಲುಗುಂಡು!" ಎಂದವಳು ಅಳತೊಡಗಿದಳು. ಭಾವನ ಮೇಲೆ ಹೊಗೆಯಪ್ಪನಿಗೆ ಎಂದಿಗಿಂತ ಹೆಚ್ಚು ಪ್ರೀತಿ ಬಂತು, ತನ್ನ ಮೇಲೆ ನಾಚಿಕೆಯೂ ಬಂತು.

ಅತ್ತು ಹಗುರಾದ ಮೇಲೆ ಅಕ್ಕ ಕೇಳಿದಳು. "ಈಗ ಅದನ್ನ ನೀನು ಓಡಿಸಿದ್ರೆ?"

"ಭಾವನ ಹೆಸರು ತುದಿಗೆ ಹೋಗುತ್ತೆ. ಅದರಲ್ಲಿ ಅನುಮಾನವೇ ಇಲ್ಲ."

"ಚಿಪ್ಪು?"

ಅವನು ತಲೆ ಕೆರೆದುಕೊಂಡ. "ಸಾಯಬಹುದು. ಬದುಕಿದ್ರೂ ಮೊದಲಿನ ಹಾಗಿರಲ್ಲ. ಅಷ್ಟು ಕರೆಂಟು ಕುಡಿಸಿದ ಮೇಲೆ ಅದಕ್ಕೆ ಕಮ್ಮಿ ಕರೆಂಟು ಸಾಲಲ್ಲ. ಕಾಯುತ್ತೆ. ಫ್ಯಾನ್ ಕೂಗುತ್ತೆ. ನೀನೇ ಹೇಳು ಅಕ್ಕ, ಏನು ಮಾಡ್ಲಿ?"

"ನನ್ನನ್ನ ಯಾಕೆ ಕೇಳ್ತೀಯ? ಅವರು ಅವತ್ತೇ ತೀರ್ಮಾನ ಮಾಡಿ ಇಟ್ಟಿದ್ರಲ್ಲ."

ಹೊಗೆಯಪ್ಪ ಮನೆಗೆ ಹೋದ. ಬಳಿದಿದ್ದ ವ್ಯಾಸಲೀನನ್ನೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ, ಹತ್ತಿಯಿಂದ ಒರೆಸಿ, ಕೂಸಿನ ಹಾಗೆ ಚಿಪ್ಪನ್ನು ತಂದು ಅದರ ಜಾಗದಲ್ಲಿ ಕೂರಿಸಿದ. ವೋಲ್ಟೇಜನ್ನು ಭಾವ ಇಟ್ಟಿದ್ದ ಅಳತೆಗೇ ಇಳಿಸಿದ. ಫ್ಯಾನ್ ಒಮ್ಮೆ ಅಲುಗಿ ನಿಂತಿತು. ಅವನಿಗೆ ಆಸೆ ಪೂರ್ತಿ ಹೋಗಿತ್ತು ಅಂದರೆ ಸುಳ್ಳಾದೀತು. ಮುಚ್ಚಳ ಹಾಕುವಾಗ, "ಆ ಡಾಕ್ಟರು ಹಲ್ಲು ಕಿರೀತಾನೆ ಅಕ್ಕ" ಎಂದು ಗೊಣಗಿದ.

"ಕಿರೀಲಿ ಬಿಡು. ಹಲ್ಲು ತೋರಿಸೋದು ಅವನ ಕಸುಬು."

ಭಾನುವಾರ ಅಕ್ಕ ಲಾರಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಗಂಡ ಬದುಕಿರುವಾಗ ಒಂದು ಸಲವೂ ಆ ಸಭಾಂಗಣದತ್ತ ತಲೆ ಹಾಕದವಳು ಈಗ ತಾನೂ ಬರುತ್ತೇನೆ ಎಂದು ಹೊರಟಿದ್ದಳು. ಅಲ್ಲಿನ ಮೇಜುಗಳ ಮೇಲೆಲ್ಲ ಹೊಗೆ, ಟವಲು, ಫ್ಲಾಸ್ಕು, ಹೇರ್ ಡ್ರೈಯರು. "ಇದೇನು ಕ್ಷೌರದಂಗಡಿಯೋ, ಅಡುಗೆಮನೆಯೋ?" ಎಂದು ಅಕ್ಕ ಕೇಳಿದ್ದಕ್ಕೆ ಪಕ್ಕದ ಮೇಜಿನವರೂ ನಕ್ಕರು.

ಹೊಗೆಯಪ್ಪ ಅವಳನ್ನು ಭಾವನ ಜಾಗದಲ್ಲಿ, ಕೀಬೋರ್ಡಿನ ಮುಂದೆ ಕೂರಿಸಿದ. ಅಕ್ಕನ ಡಬ್ಬದಲ್ಲಿ ಕೂಗಾಡಿದ್ದ ಆ ಮಾಮೂಲಿ ಚಿಪ್ಪೇ ಅವನ ಇಂದಿನ ಕುದುರೆ. "ಈ ಕೀ ಒತ್ತಿದ್ರೆ ವೇಗ ಏರುತ್ತೆ. ಇಲ್ಲಿ ಶಾಖದ ಅಳತೆ ಬರುತ್ತೆ. ಇದು ಮೇಲೆ ಹೋದ್ರೆ ಹಾಕು ಅನ್ನು, ಕೆಳಗೆ ಬಂದ್ರೆ ಸಾಕು ಅನ್ನು."

"ಹಾಕು" ಎಂದಳು ಅಕ್ಕ. ಹಾಕಿದ. "ಹಾಕು." ಹಾಕಿದ. ತಾಮ್ರದ ಪಾತ್ರೆಯ ಮೈಮೇಲೆ ಹಿಮ ಕಟ್ಟಿತು. "ಹಾಕು" ಎಂದಳು ಇನ್ನೊಮ್ಮೆ, ಅವಳಿಗೆ ಮಜಾ ಹತ್ತಿತ್ತು. ಪರದೆ ಕಪ್ಪಾಯಿತು.

"ಅಯ್ಯೋ, ಸತ್ತೋಯ್ತಾ?"

"ಇಲ್ಲ, ಮುನಿಸಿಕೊಂಡಿದೆ. ತೀರಾ ತಣ್ಣಗಾದ್ರೂ ಇವು ಕೆಲಸ ಮಾಡಲ್ಲ. ಸ್ವಲ್ಪ ಬೆಚ್ಚಗೆ ಮಾಡ್ಬೇಕು." ಅಕ್ಕ ಹೇರ್ ಡ್ರೈಯರ್ ಹಿಡಿದು, ತಲೆಸ್ನಾನ ಮಾಡಿದ ಮಗುವಿಗೆ ಒಣಗಿಸುವಂತೆ ಒಣಗಿಸಿದಳು. ಪರದೆ ಬೆಳಗಿತು. ವೇಗ ಇನ್ನೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಚಟ್ಟೆಂದು ಸದ್ದಾಗಿ ಸುಟ್ಟ ವಾಸನೆ ಬಂತು. ಈ ಸಲ ನಿಜವಾಗಿಯೇ ಸತ್ತಿತ್ತು. ಬಂದವರಲ್ಲಿ "ಭಾವ–ಬಾಮೈದ" ಕೆಳಗಿನಿಂದ ಎರಡನೆಯ ಸ್ಥಾನ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ಹೊಗೆಯಪ್ಪ ಕಂಡಿರಲಿಲ್ಲ, ಅದಕ್ಕಾಗಿಯೇ ಅವನಿಗೂ ಸೋತ ಬೇಸರ ಹತ್ತಲಿಲ್ಲ.

ಹಲ್ಲಿನ ಡಾಕ್ಟರು ಅವರ ಮೇಜಿನ ಹತ್ತಿರ ಬಂದ. ಹಲ್ಲು ಕಿರಿಯಲಿಲ್ಲ. ಅಕ್ಕನಿಗೆ ಕೈ ಮುಗಿದು, "ನಿಮ್ಮ ಯಜಮಾನರ ಕೈ ಚಳಕ ನಮಗೆ ಯಾರಿಗೂ ಬರಲ್ಲ ಅಮ್ಮ. ಒಂದೇ ಒಂದು ಒಳ್ಳೇ ಚಿಪ್ ಸಿಕ್ಕಿದ್ರೆ ಅವರನ್ನ ಹಿಡಿಯೋಕೆ ಆಗ್ತಿರಲಿಲ್ಲ. ಪಾಪ, ಅವರಿಗೆ ಆ ಅದೃಷ್ಟ ಇರಲಿಲ್ಲ" ಎಂದ.

ಹೊಗೆಯಪ್ಪನ ಬಾಯಿ ತೆರೆಯಿತು. ಅಕ್ಕ ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ಹೌದು, ಅವರು ಯಾರಿಗೂ ಏನೂ ಹೇಳ್ತಿರಲಿಲ್ಲ" ಎಂದಳು. ಡಾಕ್ಟರು ಹೋದ ಮೇಲೆ ಗೋಡೆಯ ಹಲಗೆಯ ಮುಂದೆ ನಿಂತು ಎರಡನೆಯ ಸಾಲನ್ನು ಬಹಳ ಹೊತ್ತು ನೋಡಿದಳು.

ಸೋಮವಾರ ಅಜ್ಜಿ ಮತ್ತೆ ಬಂದರು. ನೈಟ್ರೋಜನ್ ಹಂಚಲು ಹೊರಟಿದ್ದ ಹೊಗೆಯಪ್ಪ ಲಾರಿ ನಿಲ್ಲಿಸಿ ಒಳಕೋಣೆಯ ಬಾಗಿಲಿಗೆ ಒರಗಿ ನಿಂತ. ಅಕ್ಕ ಯಂತ್ರವನ್ನು ಅಜ್ಜಿಯ ಕಿವಿಗೆ ಕೂರಿಸಿ ಹಿಂದೆ ಸರಿದಳು.

"ಈಗ ಏನು ಕೇಳಿಸ್ತಿದೆ ಅಜ್ಜಿ?"

ಅಜ್ಜಿ ಕಣ್ಣು ಮುಚ್ಚಿಕೊಂಡರು. "ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದ್ರು. ಗಡಿಯಾರ ಟಿಕ್ ಟಿಕ್ ಅಂತಿದೆ. ನಿನ್ನ ತಮ್ಮ ಮೂಗು ಎಳೀತಿದ್ದಾನೆ, ನೆಗಡಿ ಇರಬೇಕು."

"ಇನ್ನೇನು?"

"ಇನ್ನೇನೂ ಇಲ್ಲ. ಆ ದುಂಬಿ ಹೋಯ್ತು." ಅಜ್ಜಿ ಕಣ್ಣು ತೆರೆದು ಮೇಜಿನ ಕೆಳಗೆ ಬಗ್ಗಿ ನೋಡಿದರು. "ಏನಮ್ಮ, ಕಂಪ್ಯೂಟರ್ ಆಫ್ ಮಾಡಿಬಿಟ್ಯಾ?"

"ಇಲ್ಲ ಅಜ್ಜಿ, ಆನ್ ಆಗೇ ಇದೆ" ಎಂದಳು ಅಕ್ಕ. "ನಮ್ಮ ಯಜಮಾನ್ರು ನನಗೋಸ್ಕರ ಮಾಡಿಕೊಟ್ಟಿದ್ದು."